ಕಪ್ ಬೇರೆ, ಲೀಗ್ ಬೇರೆ

ಕೀನ್ಯಾದ ಕರಾವಳಿಯ ಕಿಲಿಫಿ ಕೌಂಟಿಯ ಹಳ್ಳಿಗಳಲ್ಲಿ ಮಕ್ಕಳಿಗಾಗಿ ಫುಟ್‌ಬಾಲ್ ಲೀಗ್ ಆರಂಭಿಸಬೇಕೆಂದು ಸಲಹೆ ಕೇಳಿ ಬರುವವರಲ್ಲಿ ನೈರೋಬಿ, ಮೊಂಬಾಸಾಗಳಲ್ಲಿ ನೆಲೆಸಿರುವ ಕನ್ನಡಿಗರೂ ಇದ್ದಾರೆ, ಬೆಂಗಳೂರಿನಿಂದಲೇ ಹಣ ಕಳುಹಿಸಲು ಮುಂದಾಗುವವರೂ ಇದ್ದಾರೆ. ಅವರ ಸದುದ್ದೇಶದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಎಷ್ಟು ಚೆಂಡು ಬೇಕು, ಜೆರ್ಸಿ ಯಾವ ಬಣ್ಣದ್ದಿರಲಿ, ಟ್ರೋಫಿ ಎಷ್ಟು ದೊಡ್ಡದಿರಬೇಕು ಎಂದೆಲ್ಲ ವಿಚಾರಿಸುವ ಇವರಲ್ಲಿ, ಮೊದಲ ಶನಿವಾರ ಸೋತ ತಂಡ ಎರಡನೆಯ ಶನಿವಾರ ಯಾರೊಡನೆ ಆಡುತ್ತದೆ ಎಂದು ಕೇಳುವವರು ತೀರಾ ಅಪರೂಪ. ಬಾಯಲ್ಲಿ ಲೀಗ್ ಎನ್ನುತ್ತಾರೆ, ಮನಸ್ಸಿನಲ್ಲಿರುವುದು ಎರಡು ದಿನಗಳ ಕಪ್ ಪಂದ್ಯಾವಳಿ. ಶಾಮಿಯಾನ, ಧ್ವನಿವರ್ಧಕ, ಭಾಷಣ, ಫೋಟೊ, ಅಷ್ಟಾದ ಮೇಲೆ ಮುಂದಿನ ವರ್ಷ.

ಇದನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ, ಏಕೆಂದರೆ ಮಾತಿನಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸಿ ಮತ್ತೆ ಟ್ರೋಫಿಯ ವಿಷಯಕ್ಕೇ ಬರುತ್ತಾರೆ. ಎಂಟು ತಂಡಗಳ ನಾಕೌಟ್ ಪಂದ್ಯಾವಳಿ, ಎಂದರೆ ಒಮ್ಮೆ ಸೋತವರು ಹೊರಬೀಳುವ ಪದ್ಧತಿಯದು, ಏಳು ಪಂದ್ಯಗಳಲ್ಲಿ ಮುಗಿಯುತ್ತದೆ. ಅದರಲ್ಲಿ ನಾಲ್ಕು ತಂಡಗಳು, ಎಂದರೆ ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿ, ಒಂದೇ ಪಂದ್ಯವಾಡಿ ಮನೆಗೆ ಹೋಗುತ್ತಾರೆ. ಅತಿ ಹೆಚ್ಚು ಆಡುವವರು ಫೈನಲ್ ತಲುಪಿದ ಎರಡು ತಂಡಗಳವರು, ಎಂದರೆ ಈಗಾಗಲೇ ಚೆನ್ನಾಗಿ ಆಡಬಲ್ಲವರು. ಆಟ ಕಲಿಯಬೇಕಾದವರಿಗೆ ಸಿಗುವುದೇ ಅತಿ ಕಡಿಮೆ. ಅದೇ ಎಂಟು ತಂಡಗಳು ಲೀಗ್ ಪದ್ಧತಿಯಲ್ಲಿ ಪರಸ್ಪರ ಎರಡೆರಡು ಸಲ ಆಡಿದರೆ 56 ಪಂದ್ಯಗಳಾಗುತ್ತವೆ, ಮತ್ತು ಕೊನೆಯ ಸ್ಥಾನದಲ್ಲಿರುವ ತಂಡವೂ ಮೊದಲ ಸ್ಥಾನದ ತಂಡದಂತೆಯೇ 14 ಪಂದ್ಯಗಳನ್ನು ಆಡಿರುತ್ತದೆ. ಚೆಂಡು, ಜೆರ್ಸಿ, ಮೈದಾನ ಎರಡಕ್ಕೂ ಅವೇ. ಬೇರೆಯಾಗುವುದು ಇಷ್ಟೇ: 56 ಸಲ ರೆಫರಿ ಬರಬೇಕು, 56 ಸಲ ಎರಡು ತಂಡಗಳು ಹೊತ್ತಿಗೆ ಸರಿಯಾಗಿ ಮೈದಾನ ಸೇರಬೇಕು, ಫಲಿತಾಂಶವನ್ನು ಯಾರಾದರೂ ಬರೆದಿಡಬೇಕು. ಹಣ ವೆಚ್ಚವಾಗುವುದೂ ಕೆಲಸ ಕೆಡುವುದೂ ಇಲ್ಲಿಯೇ. ದಾನಿಗಳ ಪಟ್ಟಿಯಲ್ಲಿ ರೆಫರಿಯ ಭತ್ಯೆ ಎಂಬ ಸಾಲನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಕಿಲಿಫಿಯ ಒಳನಾಡಿನಲ್ಲಿ ನಡೆದ ಇಂಥದೊಂದು ಪಂದ್ಯಾವಳಿಯಲ್ಲಿ ದೂರದ ಹಳ್ಳಿಯೊಂದರ ತಂಡ ಬೆಳಿಗ್ಗೆಯ ಮೊದಲ ಪಂದ್ಯದಲ್ಲಿಯೇ ಸೋತಿತು. ಅವರನ್ನು ಕರೆತಂದ ಲಾರಿ ಬಹುಮಾನ ವಿತರಣೆಯಾದ ನಂತರವೇ ಹಿಂದಿರುಗುವುದಿತ್ತು. ಹುಡುಗರು ಗೇರುಮರವೊಂದರ ಕೆಳಗೆ ಸಂಜೆಯವರೆಗೆ ಕುಳಿತಿದ್ದರು. ಪಕ್ಕದಲ್ಲಿ ಬೇಕಾದಷ್ಟು ಖಾಲಿ ಜಾಗವಿತ್ತು, ಸೋತ ಇನ್ನೂ ಮೂರು ತಂಡಗಳಿದ್ದವು, ಆದರೆ ಕಾರ್ಯಕ್ರಮಪಟ್ಟಿಯಲ್ಲಿ ಇಲ್ಲದ ಪಂದ್ಯಕ್ಕೆ ಚೆಂಡು ಕೊಡಲು ಸಂಘಟಕರು ಒಪ್ಪಲಿಲ್ಲ. ತಂಡದೊಡನೆ ಬಂದಿದ್ದ ಮೇಷ್ಟ್ರು ನನಗೆ ಹೇಳಿದ್ದು, ಇದಕ್ಕಿಂತ ಶಾಲೆಯ ಅಂಗಳದಲ್ಲಿಯೇ ಇದ್ದಿದ್ದರೆ ಇಡೀ ದಿನ ಆಡುತ್ತಿದ್ದರು ಎಂದು.

ಹಾಗೆಂದು ಮೊದಲ ವರ್ಷವೇ ಎಂಟು ತಂಡಗಳನ್ನು ಕಟ್ಟಿಕೊಂಡು ಹೊರಡಿರೆಂದು ನಾನು ಹೇಳುವುದಿಲ್ಲ. ವಾರಕ್ಕೊಂದು ಪಂದ್ಯದಂತೆ 14 ವಾರಗಳು ಈ ಊರುಗಳಲ್ಲಿ ಒಟ್ಟಿಗೆ ಸಿಗುವುದು ಕಷ್ಟ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮಳೆ ಎಂದರೆ ಮೈದಾನ ಕೆಸರಾಗುವುದಷ್ಟೇ ಅಲ್ಲ, ಮೆಕ್ಕೆಜೋಳ ಬಿತ್ತುವುದಕ್ಕೂ ಕಳೆ ಕೀಳುವುದಕ್ಕೂ ಮಕ್ಕಳ ಕೈ ಮನೆಗೆ ಬೇಕಾಗುತ್ತದೆ. ಶಾಲಾವರ್ಷ ಮೂರು ಅವಧಿಗಳದ್ದು, ನಡುನಡುವೆ ರಜೆ, ಪರೀಕ್ಷೆ. ಇವೆಲ್ಲ ಕಳೆದು ಉಳಿಯುವ ಒಳ್ಳೆಯ ಕಾಲವೆಂದರೆ ಜೂನ್ ಮೊದಲಿನಿಂದ ಆಗಸ್ಟ್ ಮೊದಲ ವಾರದವರೆಗಿನ ಹತ್ತು ಶನಿವಾರಗಳು. ಆರು ತಂಡಗಳು ಎರಡು ಸುತ್ತು ಆಡಲು ಬೇಕಾಗುವುದೂ ಸರಿಯಾಗಿ ಹತ್ತು ವಾರ, 30 ಪಂದ್ಯ. ಆದ್ದರಿಂದ ಮೊದಲ ವರ್ಷ ಆರು ತಂಡ ಎನ್ನುತ್ತೇನೆ. ಒಂದು ಎಚ್ಚರಿಕೆಯ ಮಾತು: ಆ ಅವಧಿಯಲ್ಲಿ ಮಾಧ್ಯಮಿಕ ಶಾಲೆಗಳ ಫುಟ್‌ಬಾಲ್ ಸ್ಪರ್ಧೆಗಳೂ ನಡೆಯುವುದರಿಂದ ಈ ಲೆಕ್ಕ 14 ವರ್ಷದೊಳಗಿನವರಿಗೆ ಹೊಂದುವಷ್ಟು ಸಲೀಸಾಗಿ ದೊಡ್ಡವರಿಗೆ ಹೊಂದುವುದಿಲ್ಲ. ಮಲಾವಿ ಅಥವಾ ಜಾಂಬಿಯಾದಲ್ಲಾದರೆ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಒಂದೇ ದೀರ್ಘ ಅವಧಿ, ಅಲ್ಲಿನ ಲೆಕ್ಕವೇ ಬೇರೆ. ಕಿಲಿಫಿಯ ವೇಳಾಪಟ್ಟಿಯನ್ನು ಅಲ್ಲಿಗೆ ಹೊತ್ತೊಯ್ಯಬಾರದು.

ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ 1987ರಲ್ಲಿ ಆರಂಭವಾದ ಮಥಾರೆ ಯುವ ಕ್ರೀಡಾ ಸಂಘದ ಹೆಸರನ್ನು ಎಲ್ಲರೂ ನನ್ನೆದುರು ಎತ್ತುತ್ತಾರೆ. ಬಡಾವಣೆಯ ಕಸ ಎತ್ತಿದ ತಂಡಕ್ಕೆ ಲೀಗ್ ಪಟ್ಟಿಯಲ್ಲಿ ಅಂಕ ಕೊಡುವ ಅವರ ಕ್ರಮ ಜಗತ್ತಿಗೆಲ್ಲ ಗೊತ್ತು. ಹೆಚ್ಚಿನವರು ಗಮನಿಸದಿರುವುದೆಂದರೆ, ಅಂಕ ಕೊಡಬೇಕಾದರೆ ಮೊದಲು ಅಂಕಪಟ್ಟಿ ಇರಬೇಕು. ನಾಕೌಟ್‌ನಲ್ಲಿ ಅದು ಇರುವುದೇ ಇಲ್ಲ. ಇನ್ನೊಂದು, ಮಥಾರೆ ಕಿಕ್ಕಿರಿದ ಜಾಗ, ಎದುರಾಳಿ ತಂಡ ಪಕ್ಕದ ಗಲ್ಲಿಯಲ್ಲೇ ಇರುತ್ತದೆ. ಹಳ್ಳಿಯಲ್ಲಿ ಎದುರಾಳಿ ಹತ್ತು ಹನ್ನೆರಡು ಕಿಲೋಮೀಟರ್ ಆಚೆಗಿರಬಹುದು, ಅಷ್ಟು ದೂರಕ್ಕೆ ಪ್ರತಿ ವಾರ ಬೋಡಾಬೋಡಾ ಎಂಬ ಬಾಡಿಗೆ ಬೈಕುಗಳಿಗೆ ಹಣ ಕೊಡುತ್ತ ಹೋದರೆ ಯಾವ ದಾನಿಯ ಹಣವೂ ಮೂರನೆಯ ತಿಂಗಳು ಮುಟ್ಟುವುದಿಲ್ಲ. ನಡೆದು ಹೋಗಬಲ್ಲ ದೂರದೊಳಗೆ ಆರು ತಂಡಗಳು ಸಿಗದಿದ್ದರೆ ನಾಲ್ಕೇ ಇರಲಿ, ಮೂರು ಸುತ್ತು ಆಡಲಿ. ಹನ್ನೊಂದು ಮಂದಿ ಸಮವಯಸ್ಕರು ಸಿಗದಿದ್ದರೆ ಏಳು ಮಂದಿಯ ತಂಡ ಸಾಕು. ಕಿರಿಯರ ಪಂದ್ಯಗಳಿಗೆ ಮೈದಾನ, ಗೋಲು, ಚೆಂಡು, ಆಟದ ಅವಧಿ ಎಲ್ಲವನ್ನೂ ಕಿರಿದಾಗಿಸಲು ಆಟದ ನಿಯಮಗಳಲ್ಲಿಯೇ ಅವಕಾಶವಿದೆ.

ಹುಡುಗಿಯರ ಲೀಗ್ ಎಂದರೆ ಈ ದೂರದ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಕಿಲಿಫಿಯಲ್ಲಿಯೇ 2001ರಿಂದ ಮೂವಿಂಗ್ ದ ಗೋಲ್‌ಪೋಸ್ಟ್ಸ್ ಎಂಬ ಸಂಸ್ಥೆ ಹುಡುಗಿಯರ ಫುಟ್‌ಬಾಲನ್ನು ನಡೆಸಿಕೊಂಡು ಬಂದಿದೆ; ಇಲ್ಲಿ ಕೆಲಸ ಮಾಡಬಯಸುವವರು ಮೊದಲು ಅವರನ್ನು ಕಂಡು ಬರಬೇಕು, ಇದ್ದ ಲೀಗಿನ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸುವುದು ಯಾರಿಗೂ ಬೇಡದ ಕೆಲಸ. ಭೂಮಧ್ಯರೇಖೆಯ ಸಮೀಪದ ಈ ಊರುಗಳಲ್ಲಿ ವರ್ಷವಿಡೀ ಸಂಜೆ ಆರೂವರೆಯ ಆಸುಪಾಸಿಗೆ ಕತ್ತಲಾಗುತ್ತದೆ. ನೀರು ತಂದು, ಮನೆಗೆಲಸ ಮುಗಿಸಿ ಬರುವ ಹುಡುಗಿಗೆ ಮಧ್ಯಾಹ್ನ ಮೂರಕ್ಕೆ ಪಂದ್ಯ ಶುರುವಾಗದಿದ್ದರೆ ಬೆಳಕಿರುವಾಗ ಮನೆ ಸೇರಲಾಗದು, ಸೇರದಿದ್ದರೆ ಮುಂದಿನ ವಾರ ತಾಯಿ ಕಳುಹಿಸುವುದಿಲ್ಲ. ತಾಯಿಯದು ತಪ್ಪೆಂದು ನಾನು ಹೇಳಲಾರೆ.

ದೊಡ್ಡವರು ವಯಸ್ಸು ಕಡಿಮೆ ಹೇಳಿ ಆಡುವ ಮೋಸದ ಬಗ್ಗೆಯೂ ಕೇಳುತ್ತಾರೆ. 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿಯೇ ಫಿಫಾ 2009ರಿಂದ ವಯಸ್ಸು ತಿಳಿಯಲು ಆಟಗಾರರ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆ ಮಾಡಿಸಬೇಕಾಯಿತೆಂದರೆ ಹಳ್ಳಿಯ ಸಂಘಟಕರು ಇದನ್ನು ಸಂಪೂರ್ಣವಾಗಿ ತಡೆಯುತ್ತಾರೆಂದು ನಿರೀಕ್ಷಿಸುವುದು ಸರಿಯಲ್ಲ. ಶಾಲೆಯ ದಾಖಲಾತಿ ಪುಸ್ತಕ ನೋಡಿ, ಮುಖ್ಯೋಪಾಧ್ಯಾಯರ ಸಹಿ ಪಡೆಯಿರಿ. ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ, ಒಂದೇ ದಿನದಲ್ಲಿ ದೊಡ್ಡ ನಗದು ಬಹುಮಾನ ಕೈಗೆ ಬರುವ ಕಡೆ ಮೀಸೆ ಬಂದ ಬಾಲಕರು ಹೆಚ್ಚು. ಹತ್ತು ವಾರ ಅದೇ ನೆರೆಹೊರೆಯವರ ಎದುರು ಆಡಬೇಕಾದ ಕಡೆ ಕಡಿಮೆ.

ಚೆಂಡನ್ನೇ ಕೊಡಬೇಕೆಂಬ ಹಟವಿದ್ದವರು ಜೊತೆಗೆ ಪಂಪು, ಸೂಜಿ, ತೇಪೆಯ ಸಾಮಾನನ್ನೂ ಕೊಡಲಿ. ನಾವು ಬಳ್ಳಾರಿ ಜಾಲಿ ಎನ್ನುವ ಗಿಡವೇ ಕೀನ್ಯಾದ ಒಣನಾಡುಗಳಲ್ಲಿ ಮಥೆಂಗೆ ಎಂಬ ಹೆಸರಿನಿಂದ ಹಬ್ಬಿಕೊಂಡಿದೆ, ಅದರ ಮುಳ್ಳು ಅಲ್ಲಿಯೂ ಅಷ್ಟೇ ಗಟ್ಟಿ.

ಕೀನ್ಯಾದ ಮುಂದಿನ ಸಾರ್ವತ್ರಿಕ ಚುನಾವಣೆ 2027ರ ಆಗಸ್ಟ್‌ನಲ್ಲಿದೆ. ಚುನಾವಣೆಯ ವರ್ಷ ಅಭ್ಯರ್ಥಿಗಳ ಹೆಸರಿನ ಕಪ್‌ಗಳು ಹಳ್ಳಿ ಹಳ್ಳಿಗೂ ಬರುತ್ತವೆ, ನಾನು ಹೇಳಿದ ಅದೇ ಜೂನ್, ಜುಲೈ ತಿಂಗಳ ಶನಿವಾರಗಳಲ್ಲಿ, ಅದೇ ಮೈದಾನಗಳಿಗೆ. ಆ ವರ್ಷ ಲೀಗ್ ಇಟ್ಟುಕೊಂಡವರು ಮೈದಾನವಿರುವ ಶಾಲೆಯ ಮುಖ್ಯೋಪಾಧ್ಯಾಯರಿಂದ ಹತ್ತೂ ಶನಿವಾರಗಳ ದಿನಾಂಕಗಳನ್ನು ಜನವರಿಯಲ್ಲಿಯೇ ಬರವಣಿಗೆಯಲ್ಲಿ ಪಡೆದು, ಅದರ ಒಂದು ಪ್ರತಿಯನ್ನು ಆ ಪ್ರದೇಶದ ಚೀಫ್ ಎನ್ನುವ ಸರ್ಕಾರಿ ಆಡಳಿತಾಧಿಕಾರಿಯ ಕಚೇರಿಗೂ ಇನ್ನೊಂದನ್ನು ಫುಟ್‌ಬಾಲ್ ಒಕ್ಕೂಟದ ಸ್ಥಳೀಯ ಶಾಖೆಗೂ ಕೊಟ್ಟಿರುವುದು ಒಳ್ಳೆಯದು.