ಪೇಟೆಯ ಮರುನಿರ್ಮಾಣ: ನಕ್ಷೆಯಲ್ಲಿ ಮೊದಲು ನೆಲಮಹಡಿ ನೋಡಿ

ನಗರ ಯೋಜನೆ ಓದುವವರಿಗೆ ಈ ಅಧ್ಯಾಯ ಬಂದೇ ಬರುತ್ತದೆ. ಊರಿನ ಹಳೇ ಪೇಟೆಯನ್ನು ಹೊಸದಾಗಿ ಕಟ್ಟುವಾಗ ಬೆಳವಣಿಗೆಗೂ ಜಾಗ ಬೇಕು, ಹಳೇ ಕಟ್ಟಡವೂ ಉಳಿಯಬೇಕು, ಜನ ಓಡಾಡಿ ಕೂರುವ ಸಾರ್ವಜನಿಕ ಜಾಗವೂ ಇರಬೇಕು. ತರಗತಿಯಲ್ಲಿ ಇದನ್ನು ತ್ರಿಕೋನ ಬರೆದು ತೋರಿಸುತ್ತಾರೆ. ಆ ಚಿತ್ರದಿಂದ ನನಗೆ ಹೆಚ್ಚೇನೂ ತಿಳಿಯಲಿಲ್ಲ. ವಿಷಯ ತಿಳಿಯಾಗಿದ್ದು ಒಂದು ನೇರ ಪ್ರಶ್ನೆ ಹಿಡಿದುಕೊಂಡು ಓದಿದ ಮೇಲೆ: ಹೊಸ ಯೋಜನೆಯಲ್ಲಿ ನೆಲಮಹಡಿ ಯಾರ ಪಾಲಿಗೆ ಬರುತ್ತದೆ? ಈ ಟಿಪ್ಪಣಿ ಪೂರ್ತಿ ಅದೇ ಪ್ರಶ್ನೆಯ ಸುತ್ತ ಇದೆ. ಉದಾಹರಣೆಗಳು ಹೆಚ್ಚಾಗಿ ಮೈಸೂರು, ಬೆಂಗಳೂರಿನವು, ಏಕೆಂದರೆ ನೀವೇ ಹೋಗಿ ನೋಡಬಹುದು.

ಮೊದಲು ಮೈಸೂರು

ದೇವರಾಜ ಮಾರುಕಟ್ಟೆ 19ನೇ ಶತಮಾನದ ಕೊನೆಯ ಭಾಗದ್ದು. ಒಂದು ಕಡೆ ಚಿಕ್ಕ ಗಡಿಯಾರ, ಇನ್ನೊಂದು ಕಡೆ ಧನ್ವಂತರಿ ರಸ್ತೆ, ಉದ್ದಕ್ಕೂ ಸಯ್ಯಾಜಿರಾವ್ ರಸ್ತೆ. ಮಳಿಗೆಗಳು 800ರ ಆಸುಪಾಸಿನಲ್ಲಿವೆ. ಕಟ್ಟಡ ಪಾಲಿಕೆಯದು, ವ್ಯಾಪಾರಿಗಳು ಬಾಡಿಗೆದಾರರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಕಟ್ಟಡಕ್ಕೆ ಎರಡು ಮುಖ. ಹೊರಗಿನ ಸಾಲಿನ ಅಂಗಡಿಗಳು ರಸ್ತೆ ಕಡೆ ತಿರುಗಿವೆ, ಅವು ಸಾಮಾನ್ಯ ಅಂಗಡಿಗಳ ಹಾಗೇ. ಒಳಗೆ ಹೋದರೆ ಬೇರೆಯೇ ಲೋಕ. ಒಂದು ಸಾಲಿನಲ್ಲಿ ಬಾಳೆಗೊನೆ ನೇತುಹಾಕಿರುತ್ತಾರೆ, ಇನ್ನೊಂದರಲ್ಲಿ ಹೂವು, ಅದರಾಚೆ ವೀಳ್ಯದೆಲೆ, ಅರಿಶಿನ, ಗೋಪುರದ ಹಾಗೆ ಏರಿಸಿದ ಕುಂಕುಮದ ಬಣ್ಣಗಳು. ವ್ಯಾಪಾರಿ ಎತ್ತರದ ಕಟ್ಟೆ ಮೇಲೆ ಕೂತಿರುತ್ತಾರೆ. ನೀವು ಕೆಳಗೆ ನಿಂತರೆ ಸರಕು ನಿಮ್ಮ ಕೈಯಳತೆಗೇ ಇರುತ್ತದೆ. ಹೂವನ್ನು ಮುಟ್ಟಿ ನೋಡಬಹುದು, ಚೌಕಾಸಿ ಮಾಡಬಹುದು, ಬೇಡ ಅಂತ ಪಕ್ಕದ ಕಟ್ಟೆಗೆ ಸರಿಯಬಹುದು. ನಡುವಿನ ಓಣಿ ಕಿರಿದು, ಹಾಗಾಗಿ ಎರಡೂ ಬದಿಯ ಬೆಲೆ ಒಟ್ಟಿಗೇ ಕಿವಿಗೆ ಬೀಳುತ್ತದೆ. ತಲೆ ಮೇಲೆ ಮೂಟೆ ಹೊತ್ತವರು ಎಲ್ಲೂ ಮೆಟ್ಟಿಲು ಹತ್ತದೆ ನೇರ ಒಳಗೆ ಬರಬಹುದು. ಇಡೀ ವ್ಯಾಪಾರ ನಿಂತಿರುವುದೇ ಈ ಒಂದು ಮಟ್ಟದ ಮೇಲೆ.

2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಒಂದು ಭಾಗ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಹತ್ತಿರದಲ್ಲೇ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತಿದ್ದರು. ಅಲ್ಲಿಂದ ವಾದ ಶುರುವಾಯಿತು. ಕಟ್ಟಡ ಶಿಥಿಲವಾಗಿದೆ, ಕೆಡವಿ ಅದೇ ಚೆಹರೆಯಲ್ಲಿ ಹೊಸದು ಕಟ್ಟೋಣ ಅಂತ ಒಂದು ಕಡೆ. ಗಾರೆ, ಇಟ್ಟಿಗೆ, ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಕಾಲದ ಸೂರು) ಗೊತ್ತಿರುವವರ ಕೈಗೆ ಕೊಟ್ಟರೆ ರಿಪೇರಿ ಆಗುತ್ತದೆ ಅಂತ ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ ಮತ್ತು ಪರಂಪರೆ ಪರ ಇರುವವರು. ನಡುವೆ ಬಾಡಿಗೆದಾರರು. ವಿಷಯ ಹೈಕೋರ್ಟ್‌ಗೂ ಹೋಯಿತು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಾಲ್ಕು ಜೀವ ಹೋಗಿರುವಾಗ 'ಹಳೇದು ಚೆನ್ನಾಗಿದೆ, ಮುಟ್ಟಬೇಡಿ' ಅನ್ನುವ ಮಾತು ನಿಲ್ಲುವುದಿಲ್ಲ. ಸುರಕ್ಷತೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಭಾಗ ಬಿತ್ತು ಅಂತ ಇಡೀ ಕಟ್ಟಡ ಕೆಡವಬೇಕು ಅನ್ನುವುದಕ್ಕೂ ಪ್ರತ್ಯೇಕ ಆಧಾರ ಬೇಕು. ಯಾವ ಗೋಡೆ, ಯಾವ ಸೂರು, ನೀರು ಎಲ್ಲಿಂದ ಇಳಿಯುತ್ತಿದೆ, ತಾರಸಿ ಮೇಲೆ ಯಾರು ಎಷ್ಟು ಭಾರ ಹಾಕಿದ್ದಾರೆ, ಇವನ್ನೆಲ್ಲ ಭಾಗ ಭಾಗವಾಗಿ ಬರೆದ ವರದಿ ಇದ್ದರೆ ಮಾತ್ರ ವಾದ ಮುಂದೆ ಹೋಗುತ್ತದೆ.

ಬಾಡಿಗೆದಾರರ ಭಯವನ್ನೂ ಅರ್ಥ ಮಾಡಿಕೊಳ್ಳಿ. ಪರೀಕ್ಷೆಯಲ್ಲಿ ನಾವು ಇದನ್ನು 'ಸ್ಥಳೀಯರ ವಿರೋಧ' ಅಂತ ಒಂದೇ ಸಾಲಿನಲ್ಲಿ ಬರೆದುಬಿಡುತ್ತೇವೆ. ಅವರಲ್ಲಿ ಎಷ್ಟೋ ಜನರಿಗೆ ಕಮಾನಿನ ಮೇಲಿನ ಪ್ರೀತಿಗಿಂತ ದೊಡ್ಡ ಚಿಂತೆ ಬೇರೆ ಇದೆ: ಒಮ್ಮೆ ಹೊರಗೆ ಹೋದರೆ ಅದೇ ಜಾಗಕ್ಕೆ, ಅದೇ ಅಳತೆಗೆ, ಕೊಡಲಾಗುವ ಬಾಡಿಗೆಗೆ ವಾಪಸ್ ಬರುತ್ತೇವಾ?

ಕಟ್ಟಡ ಯಾಕೆ ಹಾಳಾಗುತ್ತದೆ

ಇದನ್ನು ಚೆನ್ನಾಗಿ ಓದಿಕೊಳ್ಳಿ, ಏಕೆಂದರೆ ದೇಶದ ತುಂಬಾ ಇದೇ ಕಥೆ. ಪಾಲಿಕೆ ಮಳಿಗೆಯ ಬಾಡಿಗೆ ಸಾಮಾನ್ಯವಾಗಿ ಪಕ್ಕದ ಖಾಸಗಿ ಕಟ್ಟಡಕ್ಕಿಂತ ಬಹಳ ಕಡಿಮೆ. ಬಾಡಿಗೆ ಕಡಿಮೆ ಆದ್ದರಿಂದ ಸಣ್ಣ ವ್ಯಾಪಾರಿ ಬದುಕುತ್ತಾರೆ, ಅದು ಒಳ್ಳೇದು. ಆದರೆ ಅದೇ ಕಾರಣಕ್ಕೆ ರಿಪೇರಿಗೆ ಹಣ ಬರುವುದಿಲ್ಲ. ಸೂರು ಸೋರುತ್ತದೆ, ಯಾರೋ ಮೇಲೆ ತಗಡು ಹೊದಿಸುತ್ತಾರೆ, ಇನ್ಯಾರೋ ಗಾರೆ ಗೋಡೆಗೆ ಸಿಮೆಂಟ್ ಮೆತ್ತುತ್ತಾರೆ. ಸಿಮೆಂಟ್ ಹಾಕಿದ ಕಡೆ ಗೋಡೆಯೊಳಗಿನ ತೇವ ಹೊರಗೆ ಬರಲು ದಾರಿ ಇಲ್ಲ, ಒಳಗೇ ನಿಂತು ಇಟ್ಟಿಗೆ ತಿನ್ನುತ್ತದೆ. ಹಲವು ವರ್ಷ ಹೀಗೆ ನಡೆದ ಮೇಲೆ ಒಂದು ಜೋರು ಮಳೆಗೆ ಮೂಲೆ ಬೀಳುತ್ತದೆ. ಆಮೇಲೆ ಕೆಡವುವುದೊಂದೇ ದಾರಿ ಅನ್ನುವ ಮಾತು ಬರುತ್ತದೆ.

ಅಂದರೆ ಸಂರಕ್ಷಣೆಯ ಪ್ರಶ್ನೆ ಬಹುಪಾಲು ದಿನನಿತ್ಯದ ನಿರ್ವಹಣೆಯ ಹಣ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ. ಬೆಳವಣಿಗೆ ಇಲ್ಲಿ ಶತ್ರು ಆಗಬೇಕಾಗಿಲ್ಲ. ಪೇಟೆಯಲ್ಲಿ ಬೇರೆ ಕಡೆ ಎತ್ತರದ ಕಟ್ಟಡ ಬಂದು ಅದರಿಂದ ಬರುವ ಶುಲ್ಕದ ಒಂದು ಪಾಲು ಮಾರುಕಟ್ಟೆ ರಿಪೇರಿಗೆ ಮೀಸಲಾದರೆ ಬೆಳವಣಿಗೆಯೇ ಉಳಿಸುತ್ತದೆ.

ಎಫ್‌ಎಆರ್, ಟಿಡಿಆರ್: ಲೆಕ್ಕ ಹಾಕಿ ನೋಡೋಣ

ಎಫ್‌ಎಆರ್ ಅಂದರೆ ನಿವೇಶನದ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಅನ್ನುವ ಮಿತಿ. 1000 ಚದರ ಮೀಟರ್ ಜಾಗ, ಎಫ್‌ಎಆರ್ 2.5 ಅಂದುಕೊಳ್ಳಿ. ಎಲ್ಲ ಮಹಡಿ ಸೇರಿ 2500 ಚದರ ಮೀಟರ್ ಕಟ್ಟಬಹುದು. ಅಲ್ಲಿ ಈಗ 800 ಚದರ ಮೀಟರಿನ ಹಳೇ ಕಟ್ಟಡ ಇದೆ, ಅದನ್ನು ಉಳಿಸಬೇಕು ಅಂತ ನಿಯಮ ಹೇಳುತ್ತದೆ. ಮಾಲೀಕರಿಗೆ 1700 ಚದರ ಮೀಟರ್ ಕಟ್ಟುವ ಅವಕಾಶ ತಪ್ಪಿತು. ಅವರು ಯಾಕೆ ಒಪ್ಪಬೇಕು? ಆ 1700ರ ಹಕ್ಕನ್ನು ಬೇರೆ ನಿವೇಶನದವರಿಗೆ ಮಾರಲು ಬಿಟ್ಟರೆ ಅದೇ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ನ್ಯೂಯಾರ್ಕ್. ಅಲ್ಲಿನ ಪೆನ್ ಸ್ಟೇಷನ್ ಎಂಬ ಹಳೇ ರೈಲು ನಿಲ್ದಾಣದ ಕಟ್ಟಡ ಕೆಡವುವುದು 1963ರಲ್ಲಿ ಶುರುವಾಯಿತು. ಆ ಆಘಾತದಿಂದ 1965ರಲ್ಲಿ ಪಾರಂಪರಿಕ ಕಟ್ಟಡಗಳ ಕಾನೂನು ಬಂತು. ನಂತರ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟುತ್ತೇವೆ ಅಂತ ರೈಲ್ವೆ ಕಂಪನಿ ಹೊರಟಾಗ ನಗರ ಒಪ್ಪಲಿಲ್ಲ, ಕಂಪನಿ ಕೋರ್ಟಿಗೆ ಹೋಯಿತು, 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರ ತೀರ್ಪು ಕೊಟ್ಟಿತು. ಕಟ್ಟದೆ ಉಳಿದ ಹಕ್ಕನ್ನು ಹತ್ತಿರದ ನಿವೇಶನಗಳಿಗೆ ವರ್ಗಾಯಿಸಲು ದಾರಿ ಇತ್ತು ಅನ್ನುವುದನ್ನೂ ಕೋರ್ಟ್ ಗಮನಿಸಿತು. ಭಾರತದಲ್ಲಿ ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ತಂದಿತು. ನಮ್ಮಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ 14-ಬಿ ಸೆಕ್ಷನ್ ಅಭಿವೃದ್ಧಿ ಹಕ್ಕಿನ ಬಗ್ಗೆ ಇದೆ. ಅದು ಹೆಚ್ಚು ಚರ್ಚೆಗೆ ಬರುವುದು ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಡುವವರ ವಿಷಯದಲ್ಲಿ.

ಈಗ ದೇವರಾಜ ಮಾರುಕಟ್ಟೆಗೆ ಇದನ್ನು ಹೊಂದಿಸಿ ನೋಡಿ. ಮಾಲೀಕ ಪಾಲಿಕೆ. ಹಕ್ಕು ಮಾರಿದರೆ ಹಣ ಪಾಲಿಕೆಗೆ. ಕಟ್ಟೆ ಮೇಲೆ ಕೂತ ಹೂವಿನ ವ್ಯಾಪಾರಿಗೆ ಟಿಡಿಆರ್‌ನಿಂದ ನೇರವಾಗಿ ಏನೂ ಸಿಗುವುದಿಲ್ಲ. ಟಿಡಿಆರ್ ಮಾಲೀಕರ ನಷ್ಟಕ್ಕೆ ಔಷಧಿ, ಬಾಡಿಗೆದಾರರ ನಷ್ಟಕ್ಕೆ ಅಲ್ಲ. ಎಷ್ಟೋ ಉತ್ತರಗಳಲ್ಲಿ ಈ ವ್ಯತ್ಯಾಸ ಬಿಟ್ಟುಹೋಗುತ್ತದೆ.

ಮಹಡಿ ಮೇಲೆ ಕಳಿಸಿದರೆ ಏನಾಗುತ್ತದೆ

'ಎಲ್ಲರಿಗೂ ಜಾಗ ಕೊಡುತ್ತೇವೆ, ಮೂರು ಮಹಡಿ ಕಟ್ಟುತ್ತೇವೆ' ಅನ್ನುವುದು ಸಾಮಾನ್ಯ ಪರಿಹಾರ. ಇದು ಕೆಲಸ ಮಾಡುತ್ತದಾ ಅಂತ ತಿಳಿಯಬೇಕಾದರೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ. ಮುಂದಿನ ಹಳೇ ಕಟ್ಟಡ 1921ರದ್ದು, ಹಿಂದಿನ ಬಹುಮಹಡಿ ಕಟ್ಟಡ 1990ರ ದಶಕದ್ದು. ಮೇಲಿನ ಮಹಡಿಯ ಕಟಾಂಜನ ಹಿಡಿದು ಕೆಳಗೆ ನೋಡಿದರೆ ಸೇವಂತಿಗೆ, ಚೆಂಡುಹೂವಿನ ರಾಶಿಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ನೀವು ನಿಂತಿರುವ ಮಹಡಿಯಲ್ಲಿ ಮಾತ್ರ ಅಷ್ಟು ಜನ ಇಲ್ಲ. ಅಲ್ಲಿ ಉಪಕರಣ, ಯಂತ್ರದ ಭಾಗ ಮಾರುವ ಅಂಗಡಿಗಳು. ಇನ್ನು ಹೊರಗೆ ಬಂದರೆ ರಸ್ತೆಯುದ್ದಕ್ಕೂ ನೆಲದ ಮೇಲೆ ಸೊಪ್ಪು, ತರಕಾರಿ.

ಗಿರಾಕಿಗಳಲ್ಲಿ ಎರಡು ಥರ. ಒಬ್ಬರು ಹುಡುಕಿಕೊಂಡು ಬರುತ್ತಾರೆ. ಡ್ರಿಲ್ ಮೆಷಿನ್ ಬೇಕಾದವರು ಮೂರನೇ ಮಹಡಿಗೂ ಹತ್ತುತ್ತಾರೆ, ತಿಂಗಳಿಗೊಮ್ಮೆಯೂ ಕೊಳ್ಳುವುದಿಲ್ಲವಲ್ಲ. ಇನ್ನೊಬ್ಬರು ದಾರಿಯಲ್ಲಿ ಸಿಗುವವರು. ಬಸ್ಸಿಗೆ ಹೋಗುವಾಗ ಎರಡು ಮೊಳ ಮಲ್ಲಿಗೆ, ಒಂದು ಕಟ್ಟು ಕೊತ್ತಂಬರಿ ತಗೊಳ್ಳುವವರು ಹತ್ತು ಮೆಟ್ಟಿಲು ಕೂಡ ಹತ್ತುವುದಿಲ್ಲ. ಸೊಪ್ಪು ಮಧ್ಯಾಹ್ನಕ್ಕೆ ಬಾಡುತ್ತದೆ, ಗಿರಾಕಿಗಾಗಿ ಕಾಯಲು ಆಗುವುದಿಲ್ಲ. ಹಾಗಾಗಿ ಮೇಲೆ ಕಳಿಸಿದ ಸೊಪ್ಪಿನ ವ್ಯಾಪಾರಿ ಒಂದೋ ವ್ಯಾಪಾರ ಬಿಡಬೇಕು, ಇಲ್ಲವೇ ಮಳಿಗೆಯನ್ನು ಗೋದಾಮು ಮಾಡಿಕೊಂಡು ರಸ್ತೆಗೆ ಬರಬೇಕು. ರಸ್ತೆಗೆ ಬಂದ ಮೇಲೆ ಅವರನ್ನು ಅತಿಕ್ರಮಣ ಅಂತ ಕರೆಯುತ್ತೇವೆ. ಅವರನ್ನು ರಸ್ತೆಗೆ ತಂದದ್ದು ನಕ್ಷೆ.

ಇಲ್ಲಿ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಹಳ ಮುಖ್ಯ. ಅದರಡಿ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಇದಲ್ಲದೆ ಇನ್ನೊಂದು ಅಂಶವನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ: ಬೀದಿ ವ್ಯಾಪಾರಿಗಳು 50 ವರ್ಷಕ್ಕಿಂತ ಹೆಚ್ಚು ಕಾಲ ವ್ಯಾಪಾರ ಮಾಡಿದ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಅನ್ನುವ ತತ್ವ ಆ ಕಾಯ್ದೆಯ ಅನುಸೂಚಿಯಲ್ಲಿದೆ. ಅಂದರೆ ಕಲ್ಲು, ಕಮಾನು ಮಾತ್ರ ಪರಂಪರೆ ಅಲ್ಲ, ಒಂದೇ ಜಾಗದಲ್ಲಿ ಬುಟ್ಟಿ ಇಟ್ಟು ಮಾರುವುದೂ ಕಾನೂನಿನ ಕಣ್ಣಿನಲ್ಲಿ ಪರಂಪರೆ. ನನಗೆ ಈ ಕಾಯ್ದೆಯಲ್ಲಿ ಅತಿ ಇಷ್ಟವಾದದ್ದು ಇದೇ.

ಸಾರ್ವಜನಿಕ ಜಾಗ: ಹಾಸುಗಲ್ಲು ಹಾಕಿದರೆ ಸಾಕಾ

ಬೆಂಗಳೂರಿನ ಚರ್ಚ್ ಸ್ಟ್ರೀಟ್ ನೋಡಿ. ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಬೀದಿಗೆ ಗ್ರಾನೈಟ್ ಕಲ್ಲು ಹಾಸಿ, ಪೈಪು, ಕೇಬಲ್‌ಗಳನ್ನು ನೆಲದಡಿಗೆ ಹಾಕಿ, 2018ರಲ್ಲಿ ಹೊಸ ರೂಪದಲ್ಲಿ ತೆರೆದರು. 2020ರ ನವೆಂಬರ್‌ನಿಂದ ಕೆಲ ತಿಂಗಳು ಶನಿವಾರ, ಭಾನುವಾರ ವಾಹನ ನಿಲ್ಲಿಸಿ ನಡೆಯುವವರಿಗೆ ಮಾತ್ರ ಬಿಟ್ಟರು. ಬೀದಿಯಲ್ಲಿ ಸುಮ್ನೆ ನಿಂತು ಹರಟುವ, ಮಕ್ಕಳನ್ನು ಓಡಾಡಲು ಬಿಡುವ ಅವಕಾಶ ಪೇಟೆ ನಡುವೆ ಸಿಕ್ಕಿದ್ದು ದೊಡ್ಡ ವಿಷಯ. ಪ್ರಯೋಗ ಮುಗಿದ ಮೇಲೆ ವಾಹನಗಳು ವಾಪಸ್ ಬಂದವು. ಕಲ್ಲು ಹಾಸಿದ್ದು ಉಳಿಯಿತು, ಜಾಗದ ಬಳಕೆ ಉಳಿಯಲಿಲ್ಲ.

ಇದಕ್ಕೂ ನ್ಯೂಯಾರ್ಕ್‌ನಲ್ಲಿ ಒಂದು ಪಾಠ ಇದೆ. 1961ರ ನಿಯಮದಲ್ಲಿ ಕಟ್ಟಡದ ಮುಂದೆ ಬಯಲು ಜಾಗ ಬಿಟ್ಟರೆ ಹೆಚ್ಚುವರಿ ಮಹಡಿ ಕೊಡುತ್ತೇವೆ ಅಂದರು. ಬಿಲ್ಡರ್‌ಗಳು ಬಿಟ್ಟರು. ಆದರೆ ಎಷ್ಟೋ ಬಯಲುಗಳಲ್ಲಿ ಕೂರಲು ಒಂದು ಬೆಂಚೂ ಇರಲಿಲ್ಲ. ನಗರದ ಬಯಲುಗಳನ್ನು ಅಧ್ಯಯನ ಮಾಡಿದ ವಿಲಿಯಂ ವೈಟ್ ಎಂಬವರು ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿ ಹೇಳಿದ್ದು ಬಹಳ ಸರಳ: ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. 1975ರಲ್ಲಿ ನಗರ ನಿಯಮ ಬದಲಿಸಿ, ಇಷ್ಟು ಬಯಲಿಗೆ ಇಷ್ಟು ಅಡಿ ಆಸನ ಅಂತ ಕಡ್ಡಾಯ ಮಾಡಿತು. ನಮ್ಮ ನಕ್ಷೆಗಳಲ್ಲಿ ಹಸಿರು ಬಣ್ಣ ಬಳಿದು 'ಸಾರ್ವಜನಿಕ ಸ್ಥಳ' ಅಂತ ಬರೆದ ಕಡೆ ನೆರಳು, ಆಸನ, ಕುಡಿಯುವ ನೀರು, ಶೌಚಾಲಯ ಎಲ್ಲಿ ಅಂತ ಕೇಳಿ. ಏನೂ ಕೊಳ್ಳದೆ ಅಲ್ಲಿ ಅರ್ಧ ಗಂಟೆ ಕೂರಬಹುದಾ ಅಂತಲೂ ಕೇಳಿ.

ಹಳೇ ಪೇಟೆಗಳಲ್ಲಿ ಬೀದಿಯೇ ಸಾರ್ವಜನಿಕ ಜಾಗ ಅನ್ನುವುದನ್ನೂ ಮರೆಯಬೇಡಿ. ಜಂಬೂ ಸವಾರಿ ಸಾಗುವುದು ದೇವರಾಜ ಮಾರುಕಟ್ಟೆ ಮುಂದಿನ ಸಯ್ಯಾಜಿರಾವ್ ರಸ್ತೆಯಲ್ಲೇ. ಅಲ್ಲಿ ಕಟ್ಟಡದ ಎತ್ತರ, ಪಾದಚಾರಿ ಮಾರ್ಗದ ಅಗಲ, ಪಾರ್ಕಿಂಗ್ ಬಾಗಿಲು ಎಲ್ಲಿ ಬರುತ್ತದೆ ಅನ್ನುವುದು ವರ್ಷದ ಆ ಒಂದು ದಿನಕ್ಕೂ, ಉಳಿದ ದಿನಗಳ ಸಂಜೆಗೂ ಲೆಕ್ಕಕ್ಕೆ ಬರುತ್ತದೆ.

ಉತ್ತರ ಬರೆಯುವಾಗ

'ಮೂರರ ನಡುವೆ ಸಮತೋಲನ ಅಗತ್ಯ' ಅಂತ ಬರೆದು ಮುಗಿಸಬೇಡಿ. ಒಂದು ಜಾಗ ಹಿಡಿದುಕೊಳ್ಳಿ, ಮಾಲೀಕ ಯಾರು, ಬಾಡಿಗೆದಾರ ಯಾರು, ಹಾದುಹೋಗುವವರು ಯಾರು ಅಂತ ಬೇರೆ ಬೇರೆ ಬರೆಯಿರಿ. ಯಾವ ಸಾಧನ ಯಾರಿಗೆ ಉಪಯೋಗ ಅಂತ ಹೊಂದಿಸಿ. ಟಿಡಿಆರ್ ಒಬ್ಬರಿಗೆ, ಬೀದಿ ವ್ಯಾಪಾರಿಗಳ ಕಾಯ್ದೆ ಇನ್ನೊಬ್ಬರಿಗೆ, ಆಸನ ಮತ್ತು ನೆರಳಿನ ನಿಯಮ ಮತ್ತೊಬ್ಬರಿಗೆ.

ಕೊನೆಗೆ ಹಂತಗಳ ಬಗ್ಗೆ ಬರೆಯಲೇಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಕಟ್ಟಡ ಮುಗಿಯುವವರೆಗೆ ವ್ಯಾಪಾರಿಗಳು ಎಲ್ಲಿರುತ್ತಾರೆ? ತಾತ್ಕಾಲಿಕ ಜಾಗ ದೂರ ಇದ್ದರೆ ಗಿರಾಕಿ ಬೇರೆ ಕಡೆ ಅಭ್ಯಾಸ ಮಾಡಿಕೊಳ್ಳುತ್ತಾರೆ, ಮೂರು ವರ್ಷದ ಮೇಲೆ ಎಷ್ಟೇ ಚೆಂದದ ಮಾರುಕಟ್ಟೆ ಕಟ್ಟಿಕೊಟ್ಟರೂ ಅವರನ್ನು ವಾಪಸ್ ತರುವುದು ಕಷ್ಟ. ಒಂದು ಸಾಲು ರಿಪೇರಿ ಮಾಡಿ, ಅಲ್ಲಿಗೆ ಪಕ್ಕದ ಸಾಲಿನವರನ್ನು ಕೂರಿಸಿ, ಆಮೇಲೆ ಆ ಸಾಲು ಮುಟ್ಟುವುದು ನಿಧಾನ, ಖರ್ಚೂ ಜಾಸ್ತಿ. ಆದರೆ ಅದರಲ್ಲಿ ಯಾರ ವ್ಯಾಪಾರವೂ ಪೂರ್ತಿ ನಿಲ್ಲುವುದಿಲ್ಲ. ಯಾವುದೇ ಯೋಜನೆಯ ಕಡತ ಕೈಗೆ ಸಿಕ್ಕರೆ ಬಣ್ಣದ ಚಿತ್ರಗಳನ್ನು ದಾಟಿ ಎರಡು ಹಾಳೆ ಹುಡುಕಿ: ನೆಲಮಹಡಿಯ ನಕ್ಷೆ ಮತ್ತು ವ್ಯಾಪಾರಿಗಳ ಹೆಸರು, ಮಳಿಗೆ ಸಂಖ್ಯೆ, ವಾಪಸಾತಿಯ ಷರತ್ತು ಇರುವ ಪಟ್ಟಿ. ಎರಡನೇ ಹಾಳೆ ಕಡತದಲ್ಲಿ ಇಲ್ಲದಿದ್ದರೆ ನಿಮ್ಮ ವಿಮರ್ಶೆಯನ್ನು ಅಲ್ಲಿಂದಲೇ ಶುರು ಮಾಡಿ.