ಕೋಡ್ ಕೈಯಲ್ಲಿದೆ, ರಿಪೇರಿ ಯಾರದು?

ಮುಧೋಳ, ಜಮಖಂಡಿ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಶುರುವಾದರೆ ವೇಬ್ರಿಜ್‌ಗೆ ಹಗಲು ರಾತ್ರಿ ಅನ್ನೋದಿಲ್ಲ. ಪ್ರತಿ ಟ್ರ್ಯಾಕ್ಟರ್‌ಗೂ ಒಂದು ದಾಖಲೆ: ಯಾವ ರೈತ, ಯಾವ ಊರು, ಯಾವ ತಳಿ, ಕಡಿದ ಗ್ಯಾಂಗ್ ಯಾವುದು, ಎಷ್ಟು ಟನ್. ಅದರ ಹಿಂದೆಯೇ ಬಿಲ್. ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಕೊಡಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಅಂತ ರೈತರನ್ನೇ ಕೇಳಬೇಕು, ಬಿಡಿ.

ಈ ದಿನನಿತ್ಯದ ಕೆಲಸಕ್ಕೆ ಒಂದು ಡೇಟಾಬೇಸ್ ಸಾಕು. ಆದರೆ ಮ್ಯಾನೇಜರ್ ಬಂದು, ಹಿಂದಿನ ಹತ್ತು ಹಂಗಾಮುಗಳಲ್ಲಿ ಡಿಸೆಂಬರ್ ತಿಂಗಳು ಯಾವ ಊರಿನಿಂದ ಎಷ್ಟು ಕಬ್ಬು ಬಂತು, ಆ ದಿನಗಳ ರಿಕವರಿ, ಅಂದರೆ ಕಬ್ಬಿನಿಂದ ಸಿಕ್ಕ ಸಕ್ಕರೆಯ ಪ್ರಮಾಣ, ಎಷ್ಟಿತ್ತು ಅಂತ ಕೇಳಿದರೆ? ಅದೇ ಡೇಟಾಬೇಸ್ ಮೇಲೆ ಈ ಪ್ರಶ್ನೆ ಓಡಿಸಿದರೆ ವೇಬ್ರಿಜ್ ಮುಂದೆ ಸಾಲು ಬೆಳೆಯುತ್ತದೆ. ಹಾಗಾಗಿ ಹಳೆಯದನ್ನೆಲ್ಲ ಬೇರೆ ಕಡೆ ಕೂಡಿಡುತ್ತಾರೆ. ಅದೇ ಡೇಟಾ ವೇರ್‌ಹೌಸ್. ಇಂಥ ಒಂದು ಕಂಪನಿ ಕೆಲವು ವರ್ಷಗಳ ಹಿಂದೆ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿದೆ ಅಂತ ನಂಬಿ ಗ್ರೀನ್‌ಪ್ಲಮ್ ಎಂಬ ವೇರ್‌ಹೌಸ್ ಸಾಫ್ಟ್‌ವೇರ್ ಹಾಕಿಕೊಂಡಿತ್ತು ಎಂದಿಟ್ಟುಕೊಳ್ಳಿ. ಈಗ ಆ ಕಂಪನಿಯ ಡೇಟಾ ಮನೆ ಬದಲಿಸಬೇಕು. ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ವೇರ್‌ಹೌಸ್ ಅಂದರೆ ದೊಡ್ಡ ಕಂಪನಿಗಳ ಆಟ. 1979ರಲ್ಲಿ ಶುರುವಾದ ಟೆರಾಡೇಟಾದಂಥವರು ಯಂತ್ರ, ಸಾಫ್ಟ್‌ವೇರ್ ಎರಡನ್ನೂ ಒಟ್ಟಿಗೆ ಮಾರುತ್ತಿದ್ದರು, ಬೆಲೆಯೂ ಹಾಗೇ ಇರುತ್ತಿತ್ತು. 2003ರಲ್ಲಿ ಹುಟ್ಟಿದ ಗ್ರೀನ್‌ಪ್ಲಮ್ ಬೇರೆ ದಾರಿ ಹಿಡಿಯಿತು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೇರು ಬಿಟ್ಟಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ತೆಗೆದುಕೊಂಡು, ಮಾಮೂಲಿ ಸರ್ವರ್‌ಗಳ ಮೇಲೆ ಅದರದೇ ಹಲವು ತುಣುಕುಗಳನ್ನು ನಿಲ್ಲಿಸಿತು. ಪ್ರಶ್ನೆ ಬಂದರೆ ಪ್ರತಿ ತುಣುಕೂ ತನ್ನ ಪಾಲಿನ ಡೇಟಾ ಹುಡುಕುತ್ತದೆ. ಮುಖ್ಯ ಸರ್ವರ್ ಉತ್ತರಗಳನ್ನು ಕೂಡಿಸಿ ಕೊಡುತ್ತದೆ.

ತಂತ್ರ ಚೆನ್ನಾಗಿತ್ತು, ಯಜಮಾನರು ಮಾತ್ರ ನಿಲ್ಲಲಿಲ್ಲ. 2010ರಲ್ಲಿ ಗ್ರೀನ್‌ಪ್ಲಮ್ ಅನ್ನು ಇಎಂಸಿ ಕಂಪನಿ ಕೊಂಡಿತು. 2013ರಲ್ಲಿ ಪಿವೋಟಲ್ ಎಂಬ ಹೊಸ ಕಂಪನಿಗೆ ಹೋಯಿತು. 2015ರ ಅಕ್ಟೋಬರ್‌ನಲ್ಲಿ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು ಎನ್ನುವ ಅಪಾಚೆ ಲೈಸೆನ್ಸ್ ಅಡಿಯಲ್ಲಿ ಕೋಡ್ ಎಲ್ಲರಿಗೂ ತೆರೆಯಿತು. ದುಡ್ಡು ಕಡಿಮೆ ಇರುವ ಕಂಪನಿಗಳು ಧೈರ್ಯ ಮಾಡಿದ್ದು ಆಗಲೇ. 2019ರ ಕೊನೆಗೆ ಪಿವೋಟಲ್ ಅನ್ನು ವಿಎಂವೇರ್ ನುಂಗಿತು, 2023ರ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಬ್ರಾಡ್‌ಕಾಮ್ ಕೊಂಡಿತು. 2024ರ ಮೇ ತಿಂಗಳಲ್ಲಿ ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿದ್ದ ಸಾರ್ವಜನಿಕ ಕೋಡ್‌ಗೆ ಬೀಗ ಬಿತ್ತು. ಓದಬಹುದು, ಅಷ್ಟೇ. ಹೊಸ ಕೆಲಸವೆಲ್ಲ ಬ್ರಾಡ್‌ಕಾಮ್‌ನ ದುಡ್ಡಿನ ಗಿರಾಕಿಗಳಿಗೆ.

ಇಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆ ಹೊತ್ತಿಗಾಗಲೇ ಹೊರಬಂದ ಕೋಡನ್ನು ಯಾರೂ ವಾಪಸ್ ಕಸಿದುಕೊಳ್ಳಲಾರರು. ಅಪಾಚೆ ಲೈಸೆನ್ಸ್ ಅಷ್ಟರಮಟ್ಟಿಗೆ ಗಟ್ಟಿ. ನಿಂತುಹೋಗಿದ್ದು ರಿಪೇರಿ. ಗ್ರೀನ್‌ಪ್ಲಮ್ 6 ನಿಂತಿರುವುದು ಪೋಸ್ಟ್‌ಗ್ರೆಸ್ 9.4ರ ಮೇಲೆ. ಪೋಸ್ಟ್‌ಗ್ರೆಸ್‌ನವರು ಒಂದು ಆವೃತ್ತಿಯನ್ನು ಐದು ವರ್ಷ ನೋಡಿಕೊಳ್ಳುತ್ತಾರೆ. 9.4ರ ಅವಧಿ 2020ರ ಫೆಬ್ರವರಿಯಲ್ಲೇ ಮುಗಿದಿದೆ. ಅಂದರೆ ಆಮೇಲೆ ಭದ್ರತೆಯಲ್ಲಿ ತೂತು ಕಂಡರೆ ಮುಚ್ಚುವ ಹೊಣೆ ಗ್ರೀನ್‌ಪ್ಲಮ್ ತಂಡದ್ದೇ. ಆ ತಂಡ ಬಾಗಿಲು ಹಾಕಿಕೊಂಡರೆ? ಸಾಲದ್ದಕ್ಕೆ, ಇಂಥ ಎಷ್ಟೋ ಸರ್ವರ್‌ಗಳ ಕೆಳಗಿದ್ದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಸೆಂಟ್‌ಒಎಸ್ 7ರ ಅವಧಿಯೂ 2024ರ ಜೂನ್ 30ಕ್ಕೆ ಮುಗಿಯಿತು. ಎರಡು ತಿಂಗಳೊಳಗೆ ಮೇಲಿನದೂ ಹೋಯಿತು, ಕೆಳಗಿನದೂ ಹೋಯಿತು.

ಕೋಡ್ ತೆರೆದಿದ್ದರಿಂದ ದಾರಿ ಮುಚ್ಚಲಿಲ್ಲ ಅನ್ನೋದು ನಿಜ. ಅದೇ ಕೋಡಿನಿಂದ ಕ್ಲೌಡ್‌ಬೆರಿ ಕವಲೊಡೆಯಿತು. ಚೀನಾದ ಹ್ಯಾಶ್‌ಡೇಟಾ ಶುರು ಮಾಡಿದ ಈ ಯೋಜನೆ ಪೋಸ್ಟ್‌ಗ್ರೆಸ್ 14ರ ಮೇಲೆ ನಿಂತಿದೆ. 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಯೋಜನೆಗಳನ್ನು ನೋಡಿಕೊಳ್ಳುವ ಅಪಾಚೆ ಫೌಂಡೇಶನ್‌ನ ಇನ್‌ಕ್ಯುಬೇಟರ್ (ಹೊಸ ಯೋಜನೆಗಳ ಮೊದಲ ಹಂತ) ಸೇರಿತು. ಯೋಜನೆಯ ಹೆಸರು ಫೌಂಡೇಶನ್ ಕೈಗೆ ಹೋಗುವುದರಿಂದ ನಾಳೆ ಒಂದೇ ಕಂಪನಿ ಬಾಗಿಲು ಹಾಕುವುದು ಕಷ್ಟ. ಇನ್ನೊಂದು ಕವಲು ವೇರ್‌ಹೌಸ್‌ಪಿಜಿ. ಅದರ ಹಿಂದೆ ಇರುವುದು ಪೋಸ್ಟ್‌ಗ್ರೆಸ್ ಸಪೋರ್ಟ್ ಮಾರುವ ಇಡಿಬಿ ಕಂಪನಿ.

ನನ್ನನ್ನು ಕೇಳಿದರೆ, ಈ ಎರಡರಲ್ಲಿ ಒಂದನ್ನು ಆರಿಸುವ ಮೊದಲು ಇನ್ನೊಂದು ಪ್ರಶ್ನೆ ಇದೆ. ಹಲವು ಸರ್ವರ್‌ಗಳ ವೇರ್‌ಹೌಸ್ ನಿಮಗೆ ಬೇಕೇ ಬೇಕಾ? ಪೋಸ್ಟ್‌ಗ್ರೆಸ್‌ಗೆ 2016ರಲ್ಲಿ ಒಂದೇ ಪ್ರಶ್ನೆಯನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವ ಪ್ಯಾರಲಲ್ ಕ್ವೆರಿ ಬಂತು, 2017ರಲ್ಲಿ ದೊಡ್ಡ ಕೋಷ್ಟಕವನ್ನು ಭಾಗ ಮಾಡಿಡುವ ಸುಲಭದ ಪಾರ್ಟಿಷನ್ ಬಂತು. ಒಂದೆರಡು ಟೆರಾಬೈಟ್ ಡೇಟಾ ಇರುವ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಒಂದು ಒಳ್ಳೆಯ ಸರ್ವರ್, ಸಾದಾ ಪೋಸ್ಟ್‌ಗ್ರೆಸ್ ಸಾಕಾಗಬಹುದು. ಸುಮ್ನೆ ಹಲವು ಸರ್ವರ್‌ಗಳ ಕ್ಲಸ್ಟರ್ ಕಟ್ಟಿದರೆ ಅದನ್ನು ಸಾಕುವವರನ್ನೂ ಹುಡುಕಬೇಕು. ಅಂಥವರು ಬೆಳಗಾವಿಯಲ್ಲಿ ಸಿಕ್ಕರೂ ಪುಣೆ, ಬೆಂಗಳೂರು ಅಂತ ಹೊರಟುಬಿಡುತ್ತಾರೆ, ಅಲ್ವಾ?

ಇನ್ನು ಸಾಗಿಸುವ ಕೆಲಸ. ಕೋಷ್ಟಕಗಳನ್ನು ಎತ್ತಿಡುವುದು ಸುಲಭದ ಭಾಗ. ಕಾಟ ಕೊಡುವುದು ಅಕ್ಷರಗಳು. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 2018ರ ಜಿಲಿಬ್‌ಸಿ 2.28ರಲ್ಲಿ ಆ ಕ್ರಮ ಬದಲಾಯಿತು. ಸೆಂಟ್‌ಒಎಸ್ 7ರಲ್ಲಿರುವುದು ಅದಕ್ಕಿಂತ ಹಳೆಯದು. ಹಳೆಯ ಫೈಲುಗಳನ್ನು ಹಾಗೇ ಹೊಸ ಲಿನಕ್ಸ್ ಮೇಲೆ ಇಟ್ಟರೆ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಒಂದು ಕ್ರಮದಲ್ಲಿ, ಹುಡುಕಾಟ ಇನ್ನೊಂದು ಕ್ರಮದಲ್ಲಿ. ಇರುವ ರೈತನೇ ಇಲ್ಲ ಎಂದು ಉತ್ತರ ಬರಬಹುದು. ಎರರ್ ಮಾತ್ರ ಬರುವುದಿಲ್ಲ. ಅದಕ್ಕೇ ಡೇಟಾವನ್ನು ಹೊರತೆಗೆದು ಹೊಸದಾಗಿ ತುಂಬಬೇಕು, ಇಲ್ಲವೇ ಇಂಡೆಕ್ಸ್ ಮತ್ತೆ ಕಟ್ಟಬೇಕು.

ನಮ್ಮ ಕಡೆಯ ಡೇಟಾಗೆ ಇನ್ನೊಂದು ತಕರಾರಿದೆ. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ರೂಢಿಯಾಗುವ ಮೊದಲು ನುಡಿ, ಬರಹ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ ಹೆಸರುಗಳು ಕನ್ನಡದಂತೆ ಕಾಣುವುದು ಆ ಫಾಂಟ್ ಇದ್ದಾಗ ಮಾತ್ರ. ಡೇಟಾಬೇಸ್ ಪಾಲಿಗೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಪರಿವರ್ತಿಸುವ ಸಾಫ್ಟ್‌ವೇರ್‌ಗಳಿವೆ, ಆದರೆ ಗುರ್ಲಾಪುರದಂಥ ಹೆಸರಿನ ಅರ್ಕಾವತ್ತಿನಲ್ಲಿ ಅವು ಎಡವಬಹುದು. ಕಣ್ಣಲ್ಲಿ ನೋಡಿಯೇ ಸರಿಮಾಡಬೇಕು. ಜಿಲ್ಲೆಗಳದ್ದೂ ಅದೇ ಕಥೆ. ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಅದಕ್ಕೂ ಹಿಂದಿನ ಲೆಕ್ಕ ಬಿಜಾಪುರದ ಹೆಸರಿನಲ್ಲಿದೆ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು, ಬೆಳಗಾವಿಯ ಇಂಗ್ಲಿಷ್ ಹೆಸರಿನ ಸ್ಪೆಲ್ಲಿಂಗೂ ಬದಲಾಯಿತು. ಜಿಲ್ಲೆಯ ಹಳೆ, ಹೊಸ ಹೆಸರುಗಳನ್ನು ಒಂದೇ ಗುರುತು ಸಂಖ್ಯೆಯ ಅಡಿಯಲ್ಲಿ ತರದಿದ್ದರೆ ವರದಿಯಲ್ಲಿ ಒಂದೇ ಜಿಲ್ಲೆ ಎರಡು ಸಾಲಾಗಿ ಕೂರುತ್ತದೆ.

ಹಳೆಯದು, ಹೊಸದು ಎರಡನ್ನೂ ಕೆಲಕಾಲ ಜೊತೆಗೆ ಓಡಿಸಿ, ಊರುವಾರು ಟನ್, ಪಾವತಿ ಮೊತ್ತ ತಾಳೆ ನೋಡುವುದೇ ಇದಕ್ಕೆಲ್ಲ ಪರೀಕ್ಷೆ. ಸಕ್ಕರೆ ಕಾರ್ಖಾನೆಗೆ ಇದಕ್ಕೆ ಸಿಗುವುದು ಬೇಸಿಗೆ, ಮಳೆಗಾಲದ ಬಿಡುವು ಮಾತ್ರ. ನುರಿಸುವ ಹೊತ್ತಿನಲ್ಲಿ ಇಂಥ ಸಾಹಸ ಬೇಡ.

ಸಪೋರ್ಟ್ ಕರಾರಿಗೆ ಸಹಿ ಹಾಕುವಾಗ ಒಂದು ತಾರೀಖು ಬರೆಸಿಕೊಳ್ಳಬೇಕು. ಕ್ಲೌಡ್‌ಬೆರಿಯ ಬುಡದಲ್ಲಿರುವ ಪೋಸ್ಟ್‌ಗ್ರೆಸ್ 14ರ ಐದು ವರ್ಷವೂ 2026ರ ನವೆಂಬರ್‌ಗೆ ಮುಗಿಯುತ್ತದೆ. ಆಮೇಲಿನ ರಿಪೇರಿ ಕೋಡ್ (ಪ್ಯಾಚ್) ಯಾರು ಬರೆಯುತ್ತಾರೆ, ಎಷ್ಟು ವರ್ಷ, ಯಾವ ದರಕ್ಕೆ ಅನ್ನೋದು ಕರಾರಿನಲ್ಲೇ ಇರಲಿ.