ಸೆಲೆನಿಯಂ ಬಾಲಕ್ಕೆ ಗಾಳ

ಕ್ಯಾನ್ಸರ್ ಕೋಶ ಬೆಳೆಯುವ ಭರದಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಂಥ ಸುಡುವ ವಸ್ತುಗಳನ್ನು ಮಿತಿಮೀರಿ ಹುಟ್ಟಿಸಿಕೊಳ್ಳುತ್ತದೆ. ಅದರಲ್ಲಿ ತಾನೇ ಬೇಯದಿರಲು ಈ ಸುಡುವಿಕೆಯನ್ನು, ಅಂದರೆ ಉತ್ಕರ್ಷಣವನ್ನು, ತಡೆಯುವ ಕಿಣ್ವಗಳನ್ನೂ ಹೆಚ್ಚಿಸಿಕೊಂಡಿರುತ್ತದೆ. ಆ ಕಿಣ್ವಗಳ ಕೈ ಕಟ್ಟಿದರೆ ಕೋಶ ತನ್ನ ಕಾವಿಗೇ ಬಲಿಯಾಗಬೇಕು ಎಂಬುದು ಲೆಕ್ಕ.

ಔಷಧಕ್ಕೆ ಗುರಿಯಾಗಬಲ್ಲ ಇಂಥ ಕಿಣ್ವಗಳಲ್ಲಿ ಥಯೋರೆಡಾಕ್ಸಿನ್ ರಿಡಕ್ಟೇಸ್ ಮುಖ್ಯವಾದದ್ದು. ಇದರ ಬಾಲದ ತುದಿಯಲ್ಲಿ ಗ್ಲೈಸಿನ್, ಸಿಸ್ಟೀನ್, ಸೆಲೆನೋಸಿಸ್ಟೀನ್, ಗ್ಲೈಸಿನ್ ಎಂಬ ಅಮೈನೋ ಆಮ್ಲಗಳು ಸಾಲಾಗಿ ನಿಂತಿವೆ. ಸೆಲೆನೋಸಿಸ್ಟೀನ್ ಎಂದರೆ ಗಂಧಕದ ಜಾಗದಲ್ಲಿ ಸೆಲೆನಿಯಂ ಇರುವ ಸಿಸ್ಟೀನ್, ಅಷ್ಟೇ. ಆದರೆ ಸಿಸ್ಟೀನಿನ ಪಿಕೆಎ (ಅರ್ಧದಷ್ಟು ಅಣುಗಳು ಹೈಡ್ರೋಜನ್ ಬಿಟ್ಟುಕೊಡುವ ಪಿಎಚ್) ಸುಮಾರು 8.3, ಇದರದ್ದು ಸುಮಾರು 5.2. ಕೋಶದೊಳಗಿನ ಪಿಎಚ್ 7.2ರ ಆಸುಪಾಸು. ಹಾಗಾಗಿ ಸಿಸ್ಟೀನ್ ಬಹುಪಾಲು ತನ್ನ ಹೈಡ್ರೋಜನ್ನನ್ನು ಹಿಡಿದುಕೊಂಡೇ ಇದ್ದರೆ, ಸೆಲೆನೋಸಿಸ್ಟೀನ್ ಅದನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶದೊಂದಿಗೆ ಸಜ್ಜಾಗಿರುತ್ತದೆ. ಚಿನ್ನ ಸಿಕ್ಕರಂತೂ ಬಿಡುವುದಿಲ್ಲ. ಸಂಧಿವಾತಕ್ಕೆಂದು 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಚಿನ್ನದ ಮಾತ್ರೆ ಔರಾನೋಫಿನ್ ಹಿಡಿಯುವುದೂ ಇದನ್ನೇ.

ಹಾಗಾಗಿ ಈ ಕಿಣ್ವವನ್ನು ನಿಲ್ಲಿಸುವುದು ದೊಡ್ಡ ವಿದ್ಯೆಯೇನಲ್ಲ, ಇದನ್ನಷ್ಟೇ ನಿಲ್ಲಿಸುವುದು ಕಷ್ಟ. ಕೋಶದಲ್ಲಿ ಗ್ಲುಟಾಥಯೋನ್ ಎಂಬ, ಸಿಸ್ಟೀನಿನ ಗಂಧಕವನ್ನೇ ಹೊತ್ತ ಪುಟ್ಟ ರಕ್ಷಕ ಅಣು 1ರಿಂದ 10 ಮಿಲಿಮೋಲಾರ್ ಇರುತ್ತದೆ. ನಾವು ಹಾಕುವ ಔಷಧ ಅದರ ಸಾವಿರದಲ್ಲೊಂದು ಪಾಲಿನ, ಮೈಕ್ರೋಮೋಲಾರ್ ಮಟ್ಟದ್ದು. ಔಷಧವೆಂಬ ಗಾಳ ತೀರಾ ಚೂಪಾದರೆ ದಾರಿಯಲ್ಲೇ ಗ್ಲುಟಾಥಯೋನಿಗೆ ಕಚ್ಚಿಕೊಂಡು ಮುಗಿದುಹೋಗುತ್ತದೆ. ಆದ್ದರಿಂದ ಮಂದವಾದ ಎಲೆಕ್ಟ್ರೋಫೈಲ್ (ಎಲೆಕ್ಟ್ರಾನುಗಳಿಗೆ ಹಾತೊರೆಯುವ, ಗಾಳದ ಕೊಕ್ಕೆಯಂಥ ಗುಂಪು) ಒಂದನ್ನು ಆರಿಸಿ, ಕಿಣ್ವದ ಮೈಗೆ ಹೊಂದುವ ಭಾಗಗಳನ್ನು ಅದರ ಸುತ್ತ ಜೋಡಿಸುವುದು ಒಳ್ಳೆಯದು.

ಪರೀಕ್ಷೆ ಸರಳವಾಗಿಯೇ ಕಾಣುತ್ತದೆ: ಕಿಣ್ವ, ಅದಕ್ಕೆ ಎಲೆಕ್ಟ್ರಾನು ಒದಗಿಸುವ ಎನ್‌ಎಡಿಪಿಎಚ್, ಪ್ರತಿಬಂಧಕ (ಕಿಣ್ವವನ್ನು ತಡೆಯುವ ಅಣು) ಬೆರೆಸಿ ಸ್ವಲ್ಪ ಹೊತ್ತು ಕಾದು, ಕಿಣ್ವ ಕೆಲಸ ಮಾಡಿದರೆ ಬಣ್ಣ ಕೊಡುವ ಡಿಟಿಎನ್‌ಬಿ ಹಾಕಿ, ಏಳುವ ಹಳದಿಯನ್ನು 412 ನ್ಯಾನೋಮೀಟರಿನಲ್ಲಿ ಅಳೆಯುವುದು. ಎಡವುವುದು ಕಾಯುವ ಹಂತದಲ್ಲಿ. ಆಗ ಎನ್‌ಎಡಿಪಿಎಚ್ ಇಲ್ಲದಿದ್ದರೆ ಬಾಲದ ಸೆಲೆನಿಯಂ ಪಕ್ಕದ ಗಂಧಕದೊಂದಿಗೇ ಬೆಸೆದುಕೊಂಡಿರುತ್ತದೆ, ಒಳ್ಳೆಯ ಅಣುವೂ ನಿಷ್ಪ್ರಯೋಜಕ ಎನಿಸುತ್ತದೆ. ಕಿಣ್ವವನ್ನಿಟ್ಟ ಬಫರ್ ದ್ರಾವಣದಲ್ಲಿ ಡಿಟಿಟಿ ಎಂಬ ಗಂಧಕದ ಸಂಯುಕ್ತ ಉಳಿದಿದ್ದರೆ ಪ್ರತಿಬಂಧಕವನ್ನು ಅದೇ ನುಂಗುತ್ತದೆ. ಅದನ್ನು ಮೊದಲೇ ಡಿಸಾಲ್ಟಿಂಗ್ ಕಾಲಂ (ಸಣ್ಣ ಅಣುಗಳನ್ನು ಕಿಣ್ವದಿಂದ ಬೇರ್ಪಡಿಸುವ ಕೊಳವೆ) ಮೂಲಕ ತೆಗೆಯಬೇಕು. ಕಚ್ಚಿದರೆ ಬಿಡದ ಅಣುಗಳಿಗೆ ಕಾದಷ್ಟೂ ಐಸಿ50 (ಕಿಣ್ವದ ಚಟುವಟಿಕೆಯನ್ನು ಅರ್ಧಕ್ಕಿಳಿಸುವ ಪ್ರಮಾಣ) ಇಳಿಯುತ್ತದೆ. ಸಮಯ ಹೇಳದ ಐಸಿ50 ನಂಬಲರ್ಹವಲ್ಲ. ಹೋಲಿಕೆಗೆ ಗ್ಲುಟಾಥಯೋನ್ ರಿಡಕ್ಟೇಸ್ ಇಟ್ಟುಕೊಳ್ಳಬೇಕು. ಅದು ಇದರ ಒಡಹುಟ್ಟಿನಂತಿದ್ದರೂ ಅದಕ್ಕೆ ಈ ಬಾಲವಿಲ್ಲ. ಅದೂ ನಿಂತರೆ ಅಣುವಿಗೆ ಆಯ್ಕೆಯ ಗುಣವಿಲ್ಲ ಎಂದೇ ಅರ್ಥ.

ಕೋಶಗಳಲ್ಲಿ ಇನ್ನೊಂದು ಮೋಸವಿದೆ. ಔಷಧದ ಜೊತೆ ಉತ್ಕರ್ಷಣ ತಡೆಯುವ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟಾಗ ಕೋಶ ಬದುಕಿತು, ಆದ್ದರಿಂದ ಸಾವು ಉತ್ಕರ್ಷಣದಿಂದಲೇ ಎಂದು ಬರೆದುಬಿಡುತ್ತಾರೆ. ಅದರ ಗಂಧಕವೇ ಔಷಧವನ್ನು ಹೊರಗೇ ಹಿಡಿದಿಟ್ಟಿರಬಹುದು! ಔಷಧ ಕೊಟ್ಟ ಕೋಶಗಳನ್ನು ಒಡೆದು ಕಿಣ್ವದ ಚಟುವಟಿಕೆಯನ್ನೇ ಅಳೆಯುವುದು ಮೇಲು. ಕೋಶ ಬೆಳೆಸುವ ದ್ರವದಲ್ಲಿ ಸೆಲೆನಿಯಂ ಸಾಲದಿದ್ದರೆ ಕಿಣ್ವವೇ ಕಡಿಮೆ ತಯಾರಾಗುತ್ತದೆ. ಅದನ್ನು ತುಂಬಲು ನ್ಯಾನೋಮೋಲಾರ್ ಮಟ್ಟದ ಸೋಡಿಯಂ ಸೆಲೆನೈಟ್ ಸಾಕು.

ಬಾಲ ಕಟ್ಟಿಹಾಕಿದ ಕಿಣ್ವ ಕೆಲವೊಮ್ಮೆ ಸುಮ್ಮನೂ ಇರುವುದಿಲ್ಲ. ಉಳಿದ ಭಾಗ ಎನ್‌ಎಡಿಪಿಎಚ್ ತಿನ್ನುತ್ತಾ ತಾನೇ ಪೆರಾಕ್ಸೈಡ್ ಹುಟ್ಟಿಸುತ್ತದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅಷ್ಟಾದರೂ ಗ್ಲುಟಾಥಯೋನ್ ದಾರಿ ತೆರೆದಿದ್ದರೆ ಕೋಶ ಅದರಿಂದ ಸುಧಾರಿಸಿಕೊಳ್ಳಬಲ್ಲದು. ಗ್ಲುಟಾಥಯೋನ್ ತಯಾರಿಯನ್ನು ತಡೆಯುವ ಬ್ಯುಥಯೋನಿನ್ ಸಲ್ಫಾಕ್ಸಿಮೈನನ್ನು ಜೊತೆಗೆ ಕೊಟ್ಟು ನೋಡುವುದು ಈ ಕಾರಣಕ್ಕೇ. ಆದರೆ ಆರೋಗ್ಯವಂತ ಕೋಶಗಳೂ ಈ ಎರಡು ದಾರಿಗಳನ್ನೇ ನೆಚ್ಚಿಕೊಂಡಿರುವುದರಿಂದ, ಎರಡನ್ನೂ ಒಟ್ಟಿಗೆ ಮುಚ್ಚುವಾಗ ಅವನ್ನೂ ಅದೇ ಪ್ರಮಾಣದಲ್ಲಿ ಪರೀಕ್ಷಿಸಲೇಬೇಕು.